ದತ್ತಾತ್ರೇಯರಾಯರ ಚಟ್ನಿಪುಡಿ ಸಮೀಕ್ಷೆ

ನಾಚಾರಂನ ಖಾರಾನಂದ ಫುಡ್ಸ್‌ನಲ್ಲಿ ಚಟ್ನಿಪುಡಿ ವಿಭಾಗದ ಮೇಲ್ವಿಚಾರಕರಾಗಿದ್ದ ದತ್ತಾತ್ರೇಯರಾಯರಿಗೆ ಒಂದೇ ಒಂದು ಚಟವಿತ್ತು. ಎಲೆ ಅಡಿಕೆಯಲ್ಲ, ನಶ್ಯವಲ್ಲ. ಅರ್ಥವಾಗದ ಮಾತು ಕಿವಿಗೆ ಬಿದ್ದ ಕೂಡಲೇ ಕಣ್ಣು ಅರ್ಧ ಮುಚ್ಚಿ ಗಂಭೀರವಾಗಿ ತಲೆದೂಗುವುದು. ಹೀಗೆ ತಲೆದೂಗಿಯೇ ಅವರು ಕಂಪನಿಯಲ್ಲಿ ತಿಳಿದವರು ಎನಿಸಿಕೊಂಡಿದ್ದರು. ವಿಮೆಯ ಏಜೆಂಟರು, ಹಲ್ಲಿನ ಡಾಕ್ಟರು, ಮಗನ ಕಾಲೇಜಿನ ಮೇಷ್ಟರು ಎಲ್ಲರೂ ಆ ತಲೆಯನ್ನು ನಂಬಿ ಮೋಸಹೋದವರೇ. ಅದೇ ತಲೆ ಒಂದು ಸೋಮವಾರ ರಾಯರ ನೌಕರಿಗೇ ಕುತ್ತು ತಂದಿತು.

ಕಂಪನಿಯ ಮಾಲೀಕ ವಿಶ್ವಜಿತ್ ಚಿಕ್ಕ ವಯಸ್ಸಿನವನು. ತಂದೆ ಕಟ್ಟಿದ ಕಂಪನಿಯನ್ನು ಈಚೆಗೆ ಕೈಗೆ ತೆಗೆದುಕೊಂಡಿದ್ದ. ಯಾವುದೋ ದೊಡ್ಡ ಹೋಟೆಲಿನಲ್ಲಿ ನಡೆದ ಶಿಬಿರಕ್ಕೆ ಹೋಗಿ ಬಂದವನು ಅಂದು ಎಲ್ಲರನ್ನೂ ಕರೆದು ಕೂರಿಸಿದ.

"ಇಷ್ಟು ದಿವಸ ನಾವು ಅಂದಾಜಿನ ಮ್ಯಾಲೆ ಧಂದಾ ಮಾಡೀವಿ," ಎಂದ. "ಇನ್ನ ಮ್ಯಾಲೆ ಡೇಟಾ. ಡೇಟಾ ಏನು ಹೇಳ್ತದ, ಅದೇ ನಮ್ಮ ಸ್ಟ್ರ್ಯಾಟಜಿ. ಉಪ್ಪಿನಕಾಯಿ ಓಡ್ಲಿಕ್ಕತ್ತದ, ಹಪ್ಪಳ ಓಡ್ಲಿಕ್ಕತ್ತದ, ಚಟ್ನಿಪುಡಿ ಮಾತ್ರ ಕುಂಟ್ಲಿಕ್ಕತ್ತದ. ಅದನ್ನ ಬೆಳಸಬೇಕೋ, ಬಂದ್ ಮಾಡಬೇಕೋ? ಮಾರ್ಕೆಟ್ ರಿಸರ್ಚ್ ಮಾಡಿ ನೋಡೋಣ. ಬ್ಲೈಂಡ್ ಸರ್ವೆ. ನಿಮ್ಮೊಳಗ ಯಾರಿಗರೆ ಗೊತ್ತದೇನು?"

ಎಲ್ಲರೂ ತಮ್ಮ ತಮ್ಮ ಚಹಾದ ಲೋಟದೊಳಗೆ ಏನೋ ಬಿದ್ದಿದೆಯೆಂಬಂತೆ ನೋಡತೊಡಗಿದರು. ಒಂದೇ ಒಂದು ತಲೆ ಮೇಲೆ ಕೆಳಗೆ ಆಡುತ್ತಿತ್ತು.

"ದತ್ತಾತ್ರೇಯರಾವ್, ನಿಮಗ ಗೊತ್ತದ?"

"ಸ್ವಲ್ಪ ಅನುಭವ ಅದ್ರಿ ಸಾಹೇಬ್ರ," ಎಂದರು ರಾಯರು.

ಆ ಅನುಭವವೆಂದರೆ ಪ್ರತಿ ಜನವರಿ ನಾಂಪಲ್ಲಿಯ ಎಕ್ಸಿಬಿಷನ್‌ನಲ್ಲಿ ಕಂಪನಿಯ ಮಳಿಗೆಯ ಮುಂದೆ ನಿಂತು, ಹೋಗಿಬರುವವರ ಅಂಗೈಗೆ ಚಟ್ನಿಪುಡಿ ಹಾಕಿ ಅವರ ಮುಖ ನೋಡುವುದು. ಅದನ್ನು ಅವರು ಬಿಡಿಸಿ ಹೇಳಲಿಲ್ಲ. ದೊಡ್ಡವರು ಎಲ್ಲವನ್ನೂ ಬಿಡಿಸಿ ಹೇಳುವುದಿಲ್ಲ.

ವಿಶ್ವಜಿತ್ ನಿಯಮಗಳನ್ನು ಹೇಳಿಕೊಟ್ಟ. "ನಾವು ಯಾವ ಕಂಪನಿ, ಯಾಕ ಕೇಳ್ತೀವಿ ಅನ್ನೂದು ಯಾರಿಗೂ ಗೊತ್ತಾಗಬಾರದು. ಗೊತ್ತಾದರ ಮಂದಿ ನಮ್ಮನ್ನ ಖುಷಿ ಮಾಡ್ಲಿಕ್ಕೆ ಸುಳ್ಳು ಹೇಳ್ತಾರ. ಮನ್ಯಾಗೂ ಹೇಳಬ್ಯಾಡ್ರಿ. ಅವರು ಹೇಳಿದ್ದನ್ನಷ್ಟೇ ಬರೀರಿ. ನೀವು ಕಂಡದ್ದು, ನಿಮಗ ಅನಿಸಿದ್ದು ಬರೀಬ್ಯಾಡ್ರಿ. ಕೆಲಸ ಛಂದ ಆತಂದ್ರ ನೀವೇ ನಮ್ಮ ಸ್ಟ್ರ್ಯಾಟಜಿ ಮ್ಯಾನೇಜರ್. ಆ ಮೂಲಿ ಏಸಿ ಕೋಣಿ ನಿಮ್ದೇ."

ರಾಯರು ಮೂಲೆಯ ಕೋಣೆಯನ್ನು ಒಮ್ಮೆ ನೋಡಿಕೊಂಡರು. ಅದರ ಬಾಗಿಲ ಮೇಲೆ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆಸುವುದೋ ಇಂಗ್ಲಿಷಿನಲ್ಲೋ ಎಂಬ ಚಿಂತೆ ಆಗಲೇ ಶುರುವಾಗಿತ್ತು.

ಮರುದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪ್ರಶ್ನೆಗಳ ಕಾಗದ ಹಿಡಿದು ಒಂದು ದೊಡ್ಡ ಅಪಾರ್ಟ್‌ಮೆಂಟಿಗೆ ಹೋದರು. ವಾಚ್‌ಮನ್ ತೆಲುಗಿನಲ್ಲಿ "ಎವರು ಕಾವಾಲಿ ಸಾರ್?" ಎಂದು, ಯಾರು ಬೇಕೆಂದು ಕೇಳಿದ. ಯಾರಾದರೂ ನಡೆದೀತು ಎಂದರು ರಾಯರು. ಯಾಕೆ ಎಂದು ಕೇಳಿದ. ಅದನ್ನು ಹೇಳುವಂತಿಲ್ಲ ಎಂದರು. ವಾಚ್‌ಮನ್ ಅವರ ಭುಜ ಹಿಡಿದು ರಸ್ತೆ ದಾಟಿಸಿ ಆಚೆ ಬಿಟ್ಟು ಬಂದ. ಮುಂದಿನ ಅಪಾರ್ಟ್‌ಮೆಂಟಿನಲ್ಲಿ ಈ ಕೆಲಸವನ್ನು ನಾಯಿ ಮಾಡಿತು.

ಆಗ ರಾಯರಿಗೆ ತಮ್ಮವರ ನೆನಪಾಯಿತು. ಅದೇ ಊರಿನ ಬರ್ಕತ್‌ಪುರ, ಕಾಚಿಗುಡ, ನಲ್ಲಕುಂಟ ಬಡಾವಣೆಗಳಲ್ಲಿ ತಲೆಮಾರುಗಳಿಂದ ನೆಲೆನಿಂತ ಕನ್ನಡದ ಮನೆಗಳು. ಹಬ್ಬ ಹುಣ್ಣಿಮೆಗಳಲ್ಲಿ ಭೇಟಿಯಾಗುವ ಜನ. ಬಂದವರಿಗೆ ಚಹಾ ಕೊಡದೆ ಕಳಿಸಿದ ದಾಖಲೆ ಅಲ್ಲಿಲ್ಲ. ಸಮೀಕ್ಷೆಗೆ ಇದಕ್ಕಿಂತ ಒಳ್ಳೆಯ ಜನ ಎಲ್ಲಿ ಸಿಗಬೇಕು?

ರಾಯರು ಮರೆತದ್ದು ಒಂದೇ ಸಂಗತಿ. ಅವರಿಗೆ ಕೌಸ್ತುಭ ಎಂಬ ಒಬ್ಬ ಮಗನಿದ್ದ. ಔಷಧ ಕಂಪನಿಯ ಪ್ರಯೋಗಶಾಲೆಯಲ್ಲಿ ಒಳ್ಳೆಯ ಕೆಲಸ, ಮೂವತ್ತರ ಹೊಸ್ತಿಲು, ಇನ್ನೂ ಮದುವೆಯಾಗಿರಲಿಲ್ಲ. ಇದು ರಾಯರಿಗೆ ಮರೆತಿದ್ದರೂ ಬರ್ಕತ್‌ಪುರಕ್ಕೆ ಮರೆತಿರಲಿಲ್ಲ.

ಮೊದಲ ಮನೆ ಸರಕಾರಿ ನೌಕರಿಯಿಂದ ನಿವೃತ್ತರಾದ ಗುಂಡೇರಾಯರದು. ಅವರ ಹೆಂಡತಿ ತುಳಸಾಬಾಯಿ ಬಾಗಿಲು ತೆರೆದರು.

"ಏನ್ರಿ ರಾಯರ, ಇಷ್ಟು ದೂರ ಬಂದ್ರಿ?"

"ಸ್ವಲ್ಪ ವಿಚಾರಿಸೂದಿತ್ತು ವೈನಿ. ಯಾಕ ಅಂತ ಮಾತ್ರ ಕೇಳಬ್ಯಾಡ್ರಿ. ಈಗ ಹೇಳೋ ಹಂಗಿಲ್ಲ. ಮುಂದ ನಿಮಗೇ ತಿಳೀತದ."

ತುಳಸಾಬಾಯಿ ಗಂಡನ ಮುಖ ನೋಡಿದರು. ಗುಂಡೇರಾಯರು ಟಿವಿ ಆರಿಸಿದರು. ಆ ಮನೆಯಲ್ಲಿ ವಾರ್ತೆಯ ನಡುವೆ ಟಿವಿ ಆರಿದ್ದು ಅದೇ ಮೊದಲು.

"ಮನ್ಯಾಗ ಎಷ್ಟು ಮಂದಿ?" ರಾಯರು ಕಾಗದ ನೋಡಿ ಕೇಳಿದರು.

"ನಾವಿಬ್ಬರು, ಮತ್ತ ನಮ್ಮ ಮೃಣಾಲಿನಿ. ಎಂ.ಕಾಂ. ಮುಗಿಸ್ಯಾಳ."

"ಸ್ವಂತ ಮನಿಯೋ, ಬಾಡಿಗಿಯೋ?"

"ಸ್ವಂತ," ಎಂದರು ಗುಂಡೇರಾಯರು. "ಮ್ಯಾಲಿನ ಮಜಲೂ ನಮ್ದೇ. ಒಬ್ಬಾಕಿನ ಮಗಳು ನೋಡ್ರಿ." ಕೊನೆಯ ಮಾತನ್ನು ಅವರು ಎರಡು ಸಲ ಹೇಳಿದರು.

"ಅಡಿಗಿ ಯಾರು ಮಾಡ್ತಾರ?"

ತುಳಸಾಬಾಯಿ ಗಂಟಲು ಸರಿಮಾಡಿಕೊಂಡರು. "ಎಲ್ಲಾ ಮೃಣಾಲಿನಿನೇ."

ಅಷ್ಟರಲ್ಲಿ ಒಳಗಿನಿಂದ ಮೃಣಾಲಿನಿಯ ದನಿ ಬಂತು. "ಅವ್ವಾ, ಗ್ಯಾಸ್ ಹಚ್ಚಬೇಕಂದ್ರ ಯಾವ ಕಡೆ ತಿರುವಬೇಕು?"

"ಒಲಿ ಹೊಸಾದ್ರಿ," ಎಂದರು ತುಳಸಾಬಾಯಿ.

ರಾಯರು ಮುಖದಲ್ಲಿ ಏನನ್ನೂ ತೋರಿಸಲಿಲ್ಲ. ಮುಂದಿನದು ಅಸಲು ಪ್ರಶ್ನೆ. "ಚಟ್ನಿಪುಡಿ ಅಂಗಡಿಯಿಂದ ತರ್ತೀರೋ, ಹೆಂಗ?"

ತುಳಸಾಬಾಯಿ ಕೆನ್ನೆಯ ಮೇಲೆ ಕೈ ಇಟ್ಟುಕೊಂಡರು. "ಅಂಗಡಿದು? ನಮ್ಮ ಮನ್ಯಾಗ? ಏನು ಕೇಳ್ತೀರಿ ರಾಯರ. ಒಳಕಲ್ಲಿನ್ಯಾಗ ಮೃಣಾಲಿನಿ ತಾನೇ ಕುಟ್ಟತಾಳ. ಮಿಕ್ಸರ್ ಅಂದ್ರ ಆಕಿಗೆ ಆಗಿಬರಂಗಿಲ್ಲ."

ಅವರು ಹೀಗೆ ಹೇಳುತ್ತಿದ್ದಾಗ ಅವರ ತಲೆಯ ಹಿಂದಿನ ಕಪಾಟಿನಲ್ಲಿ ಖಾರಾನಂದದ ಕೆಂಪು ಪೊಟ್ಟಣ ಕೂತಿತ್ತು. ರಾಯರು ಅದನ್ನು ಕಂಡರು. ತಾವೇ ಪ್ಯಾಕ್ ಮಾಡಿಸಿದ ಮಾಲು, ಗುರುತು ಸಿಗದೆ ಇದ್ದೀತೇ? ಆದರೆ ಕಂಡದ್ದನ್ನು ಬರೆಯಬಾರದೆಂದು ಸಾಹೇಬರ ಅಪ್ಪಣೆಯಾಗಿತ್ತು. ಅಲ್ಲದೆ ಕಂಪನಿಯ ಪೊಟ್ಟಣ ಬಹಳ ಗಟ್ಟಿ, ಗುಂಡಿ ಸೂಜಿ ಹಾಕಿಡಲಿಕ್ಕೆ ಇಟ್ಟುಕೊಂಡಿರಬಹುದು ಎಂದು ಸಮಾಧಾನ ಮಾಡಿಕೊಂಡು 'ಎಂದೂ ತರುವುದಿಲ್ಲ' ಎಂದು ಬರೆದುಕೊಂಡರು.

"ಕೌಸ್ತುಭ ಹೆಂಗಿದ್ದಾನ್ರಿ?" ಎಂದು ಗುಂಡೇರಾಯರು ಕೇಳಿದರು. ಪ್ರಶ್ನೆ ಕೇಳಿಸಿಕೊಂಡವರು ತಿರುಗಿ ನಾಲ್ಕು ಪ್ರಶ್ನೆ ಕೇಳುವುದು ಸೌಜನ್ಯವೆಂದು ರಾಯರು ಮಗನ ಸಂಬಳ, ಸ್ವಭಾವ, ನಕ್ಷತ್ರ ಎಲ್ಲವನ್ನೂ ಹೇಳಿ, ಚಹಾ ಕುಡಿದು ಬಂದರು.

ರಾಯರ ಸ್ಕೂಟರ್ ಕಾಚಿಗುಡ ತಲುಪುವಷ್ಟರಲ್ಲಿ ಸುದ್ದಿ ತಲುಪಿ ಕೈಕಾಲು ತೊಳೆದುಕೊಂಡಿತ್ತು. ದತ್ತಾತ್ರೇಯರಾಯರು ಮಗನಿಗೆ ಹೆಣ್ಣು ಹುಡುಕಲು ಹೊರಟಿದ್ದಾರೆ, ಬಾಯಿಬಿಟ್ಟು ಹೇಳುತ್ತಿಲ್ಲ, ಎಲ್ಲವನ್ನೂ ಕಾಗದದ ಮೇಲೆ ಬರೆದುಕೊಳ್ಳುತ್ತಾರೆ, ಅಂಗಡಿಯ ಚಟ್ನಿಪುಡಿ ತರುವ ಮನೆಯ ಹುಡುಗಿ ಅವರಿಗೆ ಬೇಡವಂತೆ. ಕೊನೆಯದು ಎಲ್ಲಿಂದ ಸೇರಿಕೊಂಡಿತೋ, ಆದರೆ ಎಲ್ಲರೂ ಗಟ್ಟಿಯಾಗಿ ನಂಬಿದ್ದು ಅದನ್ನೇ.

ಕಾಚಿಗುಡದ ಮನೆಯಲ್ಲಿ ಒಗೆದ ಪರದೆಗಳನ್ನು ಹಾಕಿದ್ದರು. ಬೆಳಗಿನ ಹೊತ್ತಿನಲ್ಲೇ ಹುಡುಗಿ ರೇಷ್ಮೆ ಸೀರೆ ಉಟ್ಟು ತಟ್ಟೆಯ ತುಂಬ ಬೇಸನ್ ಉಂಡಿ ತಂದಿಟ್ಟಳು. 'ಈ ಭಾಗದಲ್ಲಿ ಬೆಳಗ್ಗೆ ಉಂಡಿ ತಿನ್ನುವ ಪದ್ಧತಿಯಿದೆ' ಎಂದು ರಾಯರು ಬರೆದುಕೊಂಡರು. ಮತ್ತೊಂದು ಮನೆಯಲ್ಲಿ ಹುಡುಗಿ ಹಾರ್ಮೋನಿಯಂ ಮುಂದೆ ಕೂತು ಎರಡು ದೇವರನಾಮ ಹಾಡಿದಳು. 'ತಿಂಡಿಗೆ ಮೊದಲು ಸಂಗೀತ ಕೇಳುತ್ತಾರೆ' ಎಂದು ಬರೆದುಕೊಂಡರು. ಪ್ರಶ್ನೆ ಯಾವುದೇ ಇರಲಿ, ಚಟ್ನಿಪುಡಿಯ ಮಾತು ಬಂದಾಗ ಎಲ್ಲ ಮನೆಗಳ ಉತ್ತರ ಒಂದೇ. ಅಂಗಡಿಯದನ್ನು ಮುಟ್ಟುವುದಿಲ್ಲ, ಒಳಕಲ್ಲಿನಲ್ಲಿ ಕುಟ್ಟುತ್ತೇವೆ. ಒಬ್ಬ ಅಜ್ಜಿ, ಕುಟ್ಟಿ ಕುಟ್ಟಿ ಮೊಮ್ಮಗಳ ತೋಳು ಹೇಗೆ ಗಟ್ಟಿಯಾಗಿದೆಯೆಂದು ಮುಟ್ಟಿ ನೋಡಲು ಹೇಳಿದಳು. ರಾಯರು ಅದಕ್ಕೆ ಕಾಗದದಲ್ಲಿ ಜಾಗವಿಲ್ಲವೆಂದು ತಪ್ಪಿಸಿಕೊಂಡರು.

ಆಮೇಲೆ ಅವರು ಮನೆಗಳನ್ನು ಹುಡುಕುವ ಪ್ರಮೇಯವೇ ಬರಲಿಲ್ಲ. ಜನರೇ ಫೋನ್ ಮಾಡಿ ಕರೆಯತೊಡಗಿದರು. "ನಮ್ಮ ಮನೀಗೆ ಯಾವಾಗ ಬರ್ತೀರಿ? ನಾವೇನು ಪಾಪ ಮಾಡೀವಿ?" ಎಂದರು. ಒಂದು ಕುಟುಂಬವಂತೂ ಕಲಬುರಗಿಯಿಂದ ರೈಲು ಹತ್ತಿ ಬಂದು, ನಲ್ಲಕುಂಟದ ನೆಂಟರ ಮನೆಯಲ್ಲಿ ಕೂತು ತಮ್ಮನ್ನು ಪ್ರಶ್ನೆ ಕೇಳಿಸಿಕೊಂಡು ಹೋಯಿತು. ಮಾರುಕಟ್ಟೆ ಸಂಶೋಧನೆಯ ಚರಿತ್ರೆಯಲ್ಲಿ ಇಂಥ ಸಹಕಾರ ಯಾರಿಗೂ ಸಿಕ್ಕಿರಲಾರದೆಂದು ರಾಯರು ಉಬ್ಬಿಹೋದರು.

ವಿಶ್ವಜಿತ್ ಆ ಉತ್ತರಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ಗೋಡೆಯ ಮೇಲೆ ಚಿತ್ರ ಮೂಡಿಸಿದ. ಬೇರೆ ಬೇರೆ ಬಣ್ಣದ ಹೋಳುಗಳಿರಬೇಕಾದ ದುಂಡನೆಯ ಚಿತ್ರ ಒಂದೇ ಬಣ್ಣದ್ದಾಗಿತ್ತು.

"ಇಷ್ಟು ಸ್ವಚ್ಛ ಡೇಟಾ ನಾ ಶಿಬಿರದಾಗೂ ನೋಡಿದ್ದಿಲ್ಲ," ಎಂದ ವಿಶ್ವಜಿತ್. ಅವನ ದನಿ ಭಕ್ತಿಯಿಂದ ತುಂಬಿತ್ತು. "ಅಂಗಡಿ ಚಟ್ನಿಪುಡಿ ಯಾರಿಗೂ ಬ್ಯಾಡ. ಎಲ್ಲಾರೂ ಒಳಕಲ್ಲಿನ್ಯಾಗ ಕುಟ್ಟತಾರ. ಅಂದಮ್ಯಾಲೆ ಸ್ಟ್ರ್ಯಾಟಜಿ ಸಾಫ್ ಅದ. ಮುಂದಿನ ತಿಂಗಳಿಂದ ಚಟ್ನಿಪುಡಿ ಬಂದ್. ನಾವು ಒಳಕಲ್ಲು ಮಾರೋಣ."

ರಾಯರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಸಾಹೇಬ್ರ, ಚಟ್ನಿಪುಡಿ ವಿಭಾಗ ನಂದ್ರಿ."

"ಅದಕ್ಕೇ ನಿಮ್ಮನ್ನ ಮೆಚ್ಚಬೇಕು. ಸ್ವಂತ ವಿಭಾಗ ಮುಚ್ಚೋ ಹಂಗ ಇಷ್ಟು ಪ್ರಾಮಾಣಿಕ ರಿಪೋರ್ಟ್ ಯಾರು ಕೊಡ್ತಾರ?"

"ಮತ್ತ ಆ ಸ್ಟ್ರ್ಯಾಟಜಿ ಮ್ಯಾನೇಜರ್ ಕೆಲಸ?"

"ಸ್ಟ್ರ್ಯಾಟಜಿ ತಯಾರಾತಲ್ಲ ರಾಯರ. ಇನ್ನ ಮ್ಯಾನೇಜರ್ ಯಾಕ?"

ಕೆಳಗೆ ಶೇಂಗಾ ಹುರಿಯುವ ಕಡೆ ಸುದ್ದಿ ಆಗಲೇ ಇಳಿದಿತ್ತು. ರಾಯಚೂರು ಕಡೆಯಿಂದ ಬಂದು ಹುರಿಯುವ ಕೆಲಸಕ್ಕೆ ಸೇರಿದ್ದ ಗದಿಗೆಮ್ಮ ಸೊಂಟದ ಮೇಲೆ ಕೈಯಿಟ್ಟು ರಾಯರ ದಾರಿಗೆ ಅಡ್ಡ ನಿಂತಳು. ಉಳಿದ ಹೆಣ್ಣುಮಕ್ಕಳು ಅವಳ ಹಿಂದೆ ನಿಂತರು.

"ನೀವು ಮನಿಮನಿ ತಿರುಗಿ ಉಂಡಿ ತಿಂದು ಬಂದ್ರಿ. ಈಗ ನಮ್ಮ ಹೊಟ್ಟಿಗಿ ಏನೈತಿ ರಾಯರ? ಕಲ್ಲು ಮಾರ್ತಾರಂತ. ಕಲ್ಲು ಹುರಿಯಾಕ ಬರ್ತೈತೇನ್ರಿ?"

ರಾಯರು ಪಕ್ಕಕ್ಕೆ ಸರಿದು ಹೊರಗೆ ಬಂದು ಸ್ಕೂಟರ್ ಹತ್ತಿದರು. ಅಂದು ಅವರು ನಿಜವಾಗಿಯೂ ಹೆದರಿದರು. ಈ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ, ಈ ಹೆಣ್ಣುಮಕ್ಕಳಿಗೆ ಯಾವ ಮುಖ ತೋರಿಸುವುದು ಎಂದು ದಾರಿಯುದ್ದಕ್ಕೂ ಸಂಕಟಪಟ್ಟರು.

ಮನೆಗೆ ಬಂದರೆ ಹೆಂಡತಿ ಅಂಬುಬಾಯಿ ಆಗಷ್ಟೇ ಕೋಠಿಯಿಂದ ಬಂದು ಚಪ್ಪಲಿ ಕೂಡ ಬಿಡದೆ ಕೂತಿದ್ದರು.

"ಸೀರಿ ಅಂಗಡ್ಯಾಗ ನಾಲ್ಕು ಮಂದಿ ಹಿಡಿದು ಕೇಳಿದ್ರು, ಯಾವ ಹುಡುಗಿ ಪಸಂದ ಬಂದ್ಲು ಅಂತ. ಹಡೆದಾಕಿ ನಾ. ನನಗ ಹೇಳಲಾರದ ಊರ ತುಂಬ ಹುಡುಗ್ಯಾರನ್ನ ನೋಡಿ ಬಂದೀರಿ."

"ಹುಡುಗ್ಯಾರನ್ನ ಯಾರು ನೋಡ್ಯಾರ? ನಾ ಚಟ್ನಿಪುಡಿ ವಿಚಾರಿಸ್ಲಿಕ್ಕೆ ಹೋಗಿದ್ದೆ."

"ಹೌದು, ಮನಿ ಸ್ವಂತದ್ದೋ ಬಾಡಿಗಿದೋ ಅಂತ ಕೇಳೂದು ಚಟ್ನಿಪುಡಿಗೆ. ಅಡಿಗಿ ಯಾರು ಮಾಡ್ತಾರ ಅಂತ ಕೇಳೂದು ಚಟ್ನಿಪುಡಿಗೆ. ಮದುವಿ ವಯಸ್ಸಿನ ಮಗನ್ನ ಮನ್ಯಾಗ ಇಟ್ಟುಕೊಂಡು ಹಿಂಗ ಕೇಳಿದರ ಮಂದಿ ಏನು ತಿಳೀಬೇಕು?"

ಉಂಡಿ, ರೇಷ್ಮೆ ಸೀರೆ, ಹಾರ್ಮೋನಿಯಂ ಒಂದೊಂದಾಗಿ ರಾಯರ ಕಣ್ಣ ಮುಂದೆ ಬಂದವು. ಎಲ್ಲ ಮನೆಗಳೂ ಸುಳ್ಳು ಹೇಳಿದ್ದವು. ಆ ಸುಳ್ಳನ್ನು ತಾವು ದುಂಡಗಿನ ಅಕ್ಷರದಲ್ಲಿ ಬರೆದುಕೊಂಡು ಬಂದಿದ್ದರು.

ಮರುದಿನ ಓಡಿಹೋಗಿ ವಿಶ್ವಜಿತ್‌ಗೆ ಎಲ್ಲವನ್ನೂ ಹೇಳಿದರು. ಅವನು ಕರುಣೆಯಿಂದ ನಕ್ಕ. "ನಿಮ್ಮ ಸಂಕಟ ತಿಳೀತದ ರಾಯರ. ವಿಭಾಗ ನಿಮ್ದು, ಅದಕ್ಕ ನಿಮಗ ಹಂಗ ಅನಸ್ತದ. ಇದಕ್ಕ ಬಯಾಸ್ ಅಂತಾರ. ಡೇಟಾಕ್ಕ ಮಗನೂ ಇಲ್ಲ, ಮದುವಿನೂ ಇಲ್ಲ. ಅದು ಸುಳ್ಳು ಹೇಳಂಗಿಲ್ಲ." ಹೊರಗೆ ಲಾರಿಯಿಂದ ಮಾದರಿಯ ಒಳಕಲ್ಲು ಇಳಿಸುತ್ತಿದ್ದರು. ಎಂಟು ಜನ ಸೇರಿ ಬಾಗಿಲವರೆಗೆ ಎಳೆದರು, ಮುಂದೆ ಯಾರ ಕೈಯಲ್ಲೂ ಆಗಲಿಲ್ಲ. ಕಂಪನಿಯ ಹೊಸ ಭವಿಷ್ಯ ಬಾಗಿಲಿಗೆ ಅಡ್ಡ ಕೂತಿತು. ಆ ವಾರವೆಲ್ಲ ಎಲ್ಲರೂ ಅದರ ಪಕ್ಕದಲ್ಲಿ ಅಡ್ಡ ಹಾಯ್ದು ಓಡಾಡಿದರು.

ಹುಡುಗನ ಕಡೆಯವರ ಬಗ್ಗೆ ಅವರು ಕೆಲಸ ಮಾಡುವ ಕಡೆ ಹೋಗಿ ವಿಚಾರಿಸುವುದು ನಮ್ಮ ಜನರ ಹಳೆಯ ರೂಢಿ. ಆ ಪ್ರಕಾರ ಒಂದು ಮಧ್ಯಾಹ್ನ ತುಳಸಾಬಾಯಿ ಮತ್ತು ಗುಂಡೇರಾಯರು ನಾಚಾರಂಗೆ ಬಂದಿಳಿದು, ಕಲ್ಲನ್ನು ಬಳಸಿ ಒಳಗೆ ಬಂದು, ವಿಶ್ವಜಿತ್‌ನ ಮುಂದೆ ಕೂತರು. ರಾಯರು ಅವರನ್ನು ಕಂಡು ಓಡಿಬಂದರು.

"ರಾಯರ ಸ್ವಭಾವ ಹೆಂಗ್ರಿ? ನೌಕರಿ ಕಾಯಂ ಹೌದಲ್ರಿ?" ಎಂದು ಗುಂಡೇರಾಯರು ಕೇಳಿದರು.

"ಸ್ವಭಾವ ಬಂಗಾರ," ಎಂದ ವಿಶ್ವಜಿತ್. "ನೌಕರಿ ಈ ತಿಂಗಳ ತನಕ ಅದ. ಅವರ ವಿಭಾಗ ಮುಚ್ಚಲಿಕ್ಕತ್ತೀವಿ. ತಾವು ಯಾರ ಮನಿಯವರು?"

"ಬರ್ಕತ್‌ಪುರದವರು," ಎಂದು ರಾಯರೇ ಹೇಳಿದರು. "ಮೊದಲನೇ ಮನಿ ಸಾಹೇಬ್ರ, ಸರ್ವೆದಾಗ."

ವಿಶ್ವಜಿತ್ ದೇವರು ಪ್ರತ್ಯಕ್ಷನಾದಂತೆ ಎದ್ದು ನಿಂತ. "ನೀವೇನ್ರಿ ಒಳಕಲ್ಲಿನ್ಯಾಗ ಚಟ್ನಿಪುಡಿ ಕುಟ್ಟೋರು? ನಿಮ್ಮ ಉತ್ತರದ ಮ್ಯಾಲೇ ನಮ್ಮ ಕಂಪನಿ ದಿಕ್ಕು ಬದಲಾಗ್ಲಿಕ್ಕತ್ತದ. ದಯಮಾಡಿ ಸ್ವಲ್ಪ ಕುಟ್ಟಿ ತೋರಿಸ್ರಿ. ವಿಡಿಯೋ ಮಾಡ್ಕೋತೀವಿ."

ತುಳಸಾಬಾಯಿ ರಾಯರ ಕಡೆ ತಿರುಗಿದರು. "ಅಂದ್ರ ನೀವು ಬಂದಿದ್ದು ಚಟ್ನಿಪುಡಿ ಕೇಳ್ಲಿಕ್ಕ? ಹುಡುಗಿ ನೋಡ್ಲಿಕ್ಕೆ ಅಲ್ಲ?"

ಆ ತಾಯಿಯ ಮುಖ ಬಾಡಿದ್ದನ್ನು ರಾಯರಿಗೆ ನೋಡಲಾಗಲಿಲ್ಲ. "ಅದಕ್ಕೂ ಬರ್ತೀವಿ ವೈನಿ. ಮುಂದಿನ ತಿಂಗಳ ಕೊನಿ ರವಿವಾರ, ಮನಿಮಂದಿ ಎಲ್ಲಾ ಬರ್ತೀವಿ," ಎಂದುಬಿಟ್ಟರು. ಮಗನನ್ನು ಕೇಳಿರಲಿಲ್ಲ, ಹೆಂಡತಿಯನ್ನಂತೂ ಕೇಳಿರಲೇ ಇಲ್ಲ.

ಎಲ್ಲರೂ ಬಾಗಿಲಲ್ಲಿದ್ದ ಕಲ್ಲಿನ ಹತ್ತಿರ ಬರುವಷ್ಟರಲ್ಲಿ ಗದಿಗೆಮ್ಮ ಒಂದು ಬುಟ್ಟಿ ಹುರಿದ ಶೇಂಗಾ ತಂದು ಕಲ್ಲಿಗೆ ಸುರಿದು, ಕುಟ್ಟುವ ಭಾರದ ಹಾರೆಯೊಂದನ್ನು ತುಳಸಾಬಾಯಿಯ ಕೈಗೆ ಕೊಟ್ಟಿದ್ದಳು. ಹೆಣ್ಣುಮಕ್ಕಳೆಲ್ಲ ಸುತ್ತ ನಿಂತರು. ವಿಶ್ವಜಿತ್ ಫೋನ್ ಎತ್ತಿ ಹಿಡಿದ. ತುಳಸಾಬಾಯಿ ಕಲ್ಲಿಗೆ ಒಂದು ಸುತ್ತು ಬಂದರು. ಮತ್ತೊಂದು ಸುತ್ತು ಬಂದರು. ಗುಂಡೇರಾಯರು ಪ್ರದಕ್ಷಿಣೆಯೆಂದು ತಿಳಿದು ಕೈ ಮುಗಿದರು.

"ಈ ಕಲ್ಲು ಬ್ಯಾರೆ ನಮೂನಿ ಅದ," ಎಂದರು ತುಳಸಾಬಾಯಿ. "ನಮ್ಮ ಮನಿದು ಹಿಂಗಿಲ್ಲ."

"ನಮ್ಮ ಮನ್ಯಾಗ ಎಲ್ಲಿ ಅದ?" ಎಂದರು ಗುಂಡೇರಾಯರು. "ಆ ಕೆಂಪು ಪ್ಯಾಕೆಟ್..."

"ಅದರಾಗ ಸಾಬೂದಾಣಿ ಇಟ್ಟೀನಿ. ನೀವು ಸುಮ್ಮ ಕೂಡ್ರಿ." ತುಳಸಾಬಾಯಿ ಹಾರೆಯನ್ನು ಕೆಳಗಿಟ್ಟರು. ಕುಟ್ಟಿದರೆ ಮಾನ ಹೋಗುತ್ತದೆ. ನಿಜ ಹೇಳಿದರೂ ಹೋಗುತ್ತದೆ. ಸುಮ್ಮನಿದ್ದರೆ ಬೀಗನಾಗುವವನ ನೌಕರಿ ಹೋಗುತ್ತದೆ. ಅವರು ದನಿ ತಗ್ಗಿಸಿದರು. "ನೋಡ್ರಿ, ನಮ್ಮ ಮನಿ ಮಾತು ಬಿಡ್ರಿ. ಆದರ ಆ ಕಾಚಿಗುಡದವರು ಅದಾರಲ್ಲ, ಅವರ ಮನೀಗೆ ತಿಂಗಳಾ ನಿಮ್ಮ ಪುಡಿ ಬರ್ತದ. ಹಾರ್ಮೋನಿಯಂ ಮನಿಯವರು ಡಬ್ಬಿಗೆ ಸುರುವಿ ಪೊಟ್ಟಣ ಸುಟ್ಟುಬಿಡ್ತಾರ. ತೋಳು ತೋರಿಸಿದ ಆ ಮೊಮ್ಮಗಳ ತೋಳು ಗಟ್ಟಿ ಆಗಿದ್ದು ಬ್ಯಾಡ್ಮಿಂಟನ್ ಆಡಿ."

ವಿಶ್ವಜಿತ್‌ನ ಫೋನ್ ಮೆಲ್ಲನೆ ಕೆಳಗಿಳಿಯಿತು. ಶಿಬಿರದಲ್ಲಿ ಹೇಳಿಕೊಟ್ಟದ್ದರಲ್ಲಿ ಒಂದು ಮಾತು ಅವನಿಗೆ ಈಗ ನೆನಪಾದಂತಿತ್ತು. "ರಾಯರ, ನಾಳೆ ಮತ್ತ ಅವೇ ಮನಿಗೆ ಹೋಗ್ರಿ. ನೀವು ಏನು ತರ್ತೀರಿ ಅಂತ ಕೇಳಬ್ಯಾಡ್ರಿ. ಬಾಜೂ ಮನಿಯವರು ಏನು ತರ್ತಾರ ಅಂತ ಕೇಳ್ರಿ."

ರಾಯರು ಹೋದರು. ಮೊದಲ ಸಲ ಜನ ಉತ್ತರ ಕೊಟ್ಟಿದ್ದರೆ, ಈ ಸಲ ಉಪನ್ಯಾಸ ಕೊಟ್ಟರು. ಕಾಗದ ಸಾಲದೆ ಬಂತು. ಯಾರ ಮನೆಗೆ ಯಾವ ಪುಡಿ, ಯಾವ ಅಂಗಡಿಯಿಂದ, ಯಾರ ಕೈಯಲ್ಲಿ, ಸೆರಗಿನೊಳಗೆ ಹೇಗೆ ಮುಚ್ಚಿ ತರುತ್ತಾರೆ ಎಂಬುದೆಲ್ಲ ಹೊರಬಿತ್ತು. ತಮ್ಮ ತಮ್ಮ ಬಾಯಿಂದ ಕೇಳಿದರೆ ಯಾರೂ ಕೊಳ್ಳುವುದಿಲ್ಲ. ಒಬ್ಬರ ಬಾಯಿಂದ ಮತ್ತೊಬ್ಬರದು ಕೇಳಿದರೆ ಕೊಳ್ಳದ ಮನೆಯೇ ಇಲ್ಲ.

ವಿಶ್ವಜಿತ್ ಹೊಸ ಉತ್ತರಗಳ ಚಿತ್ರವನ್ನೂ ಹಳೆಯದನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದ. "ಎಲ್ಲಾರಿಗೂ ಬೇಕು," ಎಂದ ಕೊನೆಗೆ. "ಆದರ ತರೂದು ಯಾರಿಗೂ ಕಾಣಬಾರದು. ನಾವು ಎದ್ದು ಕಾಣೋ ಹಂಗ ಕೆಂಪು ಬಣ್ಣ ಬಳದು ದೊಡ್ಡ ಅಕ್ಷರದಾಗ ಹೆಸರು ಬರದೀವಿ. ಮಾರಾಟ ಕುಂಟಲಾರದ ಏನು ಮಾಡೀತು? ರಾಯರ, ವಿಭಾಗ ಮುಚ್ಚಂಗಿಲ್ಲ. ಪೊಟ್ಟಣ ಬದಲು ಮಾಡ್ರಿ. ಮುಂದ ಬಣ್ಣ ಬ್ಯಾಡ, ಹೆಸರು ಬ್ಯಾಡ. ಸರಕಾರದವರು ಹೇಳಿದ್ದೆಲ್ಲಾ ತಳದಾಗ ಸಣ್ಣ ಅಕ್ಷರದಾಗ ಇರ್ಲಿ. ನೋಡಿದರ ಮನ್ಯಾಗ ಕಟ್ಟಿಟ್ಟಂಗ ಕಾಣಬೇಕು."

ಹೊಸ ಪೊಟ್ಟಣ ಅಂಗಡಿಗಳಿಗೆ ಹೋದ ಮೇಲೆ ಗದಿಗೆಮ್ಮ ಮತ್ತು ಸಂಗಡಿಗರಿಗೆ ಉಸಿರಾಡಲು ಪುರುಸೊತ್ತು ಸಿಗಲಿಲ್ಲ. ಇನ್ನೂ ನಾಲ್ಕು ಜನರನ್ನು ಹುರಿಯಲು ತೆಗೆದುಕೊಳ್ಳಬೇಕಾಯಿತು. ರಾಯರು ಮೇಲ್ವಿಚಾರಕರಾಗಿಯೇ ಉಳಿದರು. ಮೂಲೆಯ ಏಸಿ ಕೋಣೆಗೆ ಕ್ರೇನ್ ತರಿಸಿ ಒಳಕಲ್ಲನ್ನು ಸೇರಿಸಿದರು. ಅದು ಇಂದಿಗೂ ಅಲ್ಲಿ ತಂಪಾಗಿದೆ.

ಮರುತಿಂಗಳ ಕೊನೆಯ ರವಿವಾರ ರಾಯರು, ಅಂಬುಬಾಯಿ ಮತ್ತು ಕೌಸ್ತುಭ ಬರ್ಕತ್‌ಪುರಕ್ಕೆ ಹೋದರು. ಮೃಣಾಲಿನಿ ಮತ್ತು ಕೌಸ್ತುಭ ಬಾಲ್ಕನಿಯಲ್ಲಿ ನಿಂತು ಮಾತಾಡಿದರು. ಒಳಗೆ ಕೇಳಿಸುವಷ್ಟು ನಕ್ಕರು. ಊಟಕ್ಕೆ ಕೂತಾಗ ತುಳಸಾಬಾಯಿ ಭಕ್ಕರಿಯ ಪಕ್ಕದಲ್ಲಿ ಶೇಂಗಾ ಚಟ್ನಿಪುಡಿ ಬಡಿಸಿ, ನಡುವೆ ಗುಳಿ ಮಾಡಿ ಎಣ್ಣೆ ಹಾಕಿದರು.

"ಮೃಣಾಲಿನಿ ಮುಂಜಾನೆ ಎದ್ದು ಕುಟ್ಯಾಳ್ರಿ," ಎಂದರು.

ರಾಯರು ಒಂದು ತುತ್ತು ಬಾಯಿಗಿಟ್ಟರು. ಬುಧವಾರದ ಮಾಲು. ಅಂದು ಬೆಲ್ಲ ಒಂದು ಹಿಡಿ ಹೆಚ್ಚು ಬಿತ್ತೆಂದು ಗದಿಗೆಮ್ಮನೊಂದಿಗೆ ಜಗಳವಾಗಿತ್ತು. ಬೆಲ್ಲ ಹೆಚ್ಚೇ ಆಗಿತ್ತು. ಎಲ್ಲರೂ ತಮ್ಮ ಮುಖ ನೋಡುತ್ತಿದ್ದಾರೆಂದು ಅವರಿಗೆ ಗೊತ್ತಾಯಿತು.

"ಏನು ರುಚಿ ಅದವಾ," ಎಂದರು ಅಂಬುಬಾಯಿ ಬೆರಳು ನೆಕ್ಕುತ್ತ. "ಹೆಂಗ ಮಾಡ್ತೀ? ನನಗೂ ಹೇಳಿಕೊಡು."

ಮೃಣಾಲಿನಿಯ ಕೈಯಲ್ಲಿದ್ದ ಸೌಟು ನಿಂತಿತು. ತುಳಸಾಬಾಯಿ ಗೋಡೆ ನೋಡಿದರು. ಗುಂಡೇರಾಯರು ಬಾಯಿ ತೆರೆದರು.

ಅವರಿಗಿಂತ ಮೊದಲು ರಾಯರೇ ಮಾತಾಡಿದರು. "ಅದರಾಗೇನದ? ಶೇಂಗಾ ಸಣ್ಣ ಉರಿ ಮ್ಯಾಲೆ ಹುರೀಬೇಕು. ಸಿಪ್ಪಿ ತಗೀಬೇಕು. ಬ್ಯಾಡಗಿ ಮೆಣಸಿನಕಾಯಿ, ಜೀರಿಗಿ, ಕರಿಬೇವು ಬ್ಯಾರೆ ಹುರಕೊಂಡು, ಆರಿದ ಮ್ಯಾಲೆ ಹುಣಸಿಹಣ್ಣು, ಉಪ್ಪು, ಬೆಲ್ಲ ಹಾಕಿ ಕುಟ್ಟಬೇಕು. ಹಿಟ್ಟಿನಂಗ ಆಗಬಾರದು. ಹೌದಲ್ಲೇನವಾ?"

"ಥೇಟ್ ಹಂಗೇ ಮಾಡ್ತೀನ್ರಿ," ಎಂದಳು ಮೃಣಾಲಿನಿ.

ತುಳಸಾಬಾಯಿಯ ಹೋದ ಜೀವ ತಿರುಗಿ ಬಂತು. ಅವರು ರಾಯರ ತಾಟಿಗೆ ಮತ್ತೊಂದು ಚಮಚ ಪುಡಿ ಹಾಕಿದರು. "ನೋಡ್ರಿ ಅಂಬುಬಾಯಿ," ಎಂದರು, "ಒಂದು ತುತ್ತಿನ್ಯಾಗ ಸೊಸಿ ಕೈ ಮಾವನವರಿಗೆ ಹೆಂಗ ಗೊತ್ತಾತು."